ಸಾಕ್ಷಿ ನಂಬರ್ ಎರಡು

ನೋಟರಿ ಕೂತದ್ದು ಕೋರ್ಟಿನ ಬೇವಿನ ಕೆಳಗೆ.
ಕುರ್ಚಿಯ ಒಂದು ಕಾಲಿಗೆ ಇಟ್ಟಿಗೆ ಚೂರು,
ಹಾಳೆಗಳ ಮೇಲೆ ಶಹಾಬಾದಿ ಕಲ್ಲು.
ರಾಯಚೂರಿನ ಬಿಸಿಲು ಹನ್ನೊಂದಕ್ಕೇ
ಶಾಯಿ ಪ್ಯಾಡನ್ನು ಒಣಗಿಸಿತ್ತು;
ಆತ ಎರಡು ಹನಿ ನೀರು ಬಿಟ್ಟು
"ನಿಮಗೆ ಹೆಸರು ಎಷ್ಟು?" ಅಂದ.

ಮೂರು, ಅಂದೆ.
ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಮ್ರಮ್ಮ,
ಡಿಗ್ರಿಯಲ್ಲಿ ಅಮರಮ್ಮ ಹೆಚ್.,
ಆಧಾರಿನಲ್ಲಿ ಅಮರವ್ವ.
ಮೂವರೂ ಒಬ್ಬಳೇ ಎಂದು ಪ್ರಮಾಣ ಮಾಡಿದರೆ
ಮಂಡಳಿ ನನಗೊಂದು ನಂಬರು ಕೊಡುತ್ತದೆ.
ನಂಬರಿಲ್ಲದವರು ಇನ್ನು ಮುಂದೆ
ವೆಂಟಿಲೇಟರಿನ ಗುಂಡಿ ಮುಟ್ಟುವಂತಿಲ್ಲ.

ಅರ್ಜಿ ಎಂಟು ಪುಟ.
ಓದಿದ ಕಾಲೇಜು, ಅದಕ್ಕೆ ಮಾನ್ಯತೆ ಕೊಟ್ಟವರು,
ಕೊಟ್ಟವರ ಆದೇಶದ ತಾರೀಖು.
ನಡತೆ ಪ್ರಮಾಣಪತ್ರ. ಇಂಟರ್ನ್‌ಶಿಪ್ಪಿನ ತಾಸುಗಳು.
ಕೆಲಸ ಕಲಿಸಿದವರ ಹೆಸರು, ಪಕ್ಕದ ಚೌಕದಲ್ಲಿ
ಕಲಿಸಿದವರ ನಂಬರು.

ಆ ಚೌಕದ ಮುಂದೆ ಪೆನ್ನು ನಿಂತಿತು.

ಐಸಿಯುಗೆ ನಾನು ಕಾಲಿಟ್ಟ ಮೊದಲ ರಾತ್ರಿ
ಮೂರನೇ ಹಾಸಿಗೆಯಲ್ಲಿ ಹಟ್ಟಿ ಗಣಿಯ ಮುದುಕ,
ಮೂವತ್ತು ವರ್ಷ ಚಿನ್ನದ ಕಲ್ಲು ಕೊರೆದವನು,
ಎದೆಯ ತುಂಬ ಕಲ್ಲಿನ ಹಿಟ್ಟು.
ಅಲಾರಾಂ ಕೂಗಿತು. ನನಗೆ ಪುಸ್ತಕದ ಪುಟ ನೆನಪಾಯಿತು,
ಪುಟದ ಸಂಖ್ಯೆಯೂ. ಕೈ ಮಾತ್ರ ಬರಲಿಲ್ಲ.
ಸಿಲಿಂಡರು ಉರುಳಿಸುತ್ತ ಬಂದ ಮೌಲಾಸಾಬ
ನಿಂತಲ್ಲಿಂದಲೇ ಅಂದ:
"ಮಷೀನ್ ನೋಡಬ್ಯಾಡವ್ವ, ಎದಿ ನೋಡು.
ಎರಡೂ ಕಡಿ ಏಳಾಕತ್ತಾವೇನು?"
ಎಡಗಡೆ ಏಳುತ್ತಿರಲಿಲ್ಲ.
ಕೊಳವೆ ಒಂದು ಬೆರಳು ಒಳಕ್ಕೆ ಜಾರಿತ್ತು.
ಹಿಂದಕ್ಕೆ ಎಳೆದೆ, ಅರ್ಧ ಬೆರಳು, ಇನ್ನರ್ಧ.
ಮುದುಕನ ಎಡ ಪಕ್ಕೆ
ಹಂಚಿನ ಮೇಲಿನ ಜೋಳದ ರೊಟ್ಟಿಯ ಹಾಗೆ
ತಡೆತಡೆದು ಉಬ್ಬಿತು.

"ಕಫ ತೆಗಿಯೋ ಮುಂದ ನೀನೂ ಉಸಿರು ಹಿಡಿ.
ನಿನಗ ಕಟ್ಟಿತಂದ್ರ ಅವಂಗೂ ಕಟ್ಟಿತು, ಪೈಪ್ ತೆಗಿ."
ಇದು ನನ್ನ ಯಾವ ನೋಟ್ಸಿನಲ್ಲೂ ಇರಲಿಲ್ಲ.
ಮೌಲಾಸಾಬ ಓದಿದ್ದು ಏಳನೇ ಇಯತ್ತೆ.
ಮಸ್ಟರಿನಲ್ಲಿ ಆತನ ಹುದ್ದೆ: ಹಮಾಲ, ಗುತ್ತಿಗೆ.

ಹಾಗಂತ ನಿಯಮ ಬೇಡ ಅನ್ನಲಾರೆ.
ಊರಾಚೆಯ ಒಂದು ನರ್ಸಿಂಗ್ ಹೋಮಿನಲ್ಲಿ
ಮಾಲೀಕನ ಅಳಿಯ ಬಿಳಿ ಕೋಟು ಹಾಕಿಕೊಂಡು
ಒತ್ತಡದ ಗುಂಡಿ ತಿರುಗಿಸಿದ್ದ, ಅಂದಾಜಿಗೆ.
ಹತ್ತೊಂಬತ್ತರ ಹುಡುಗಿ. ಶ್ವಾಸಕೋಶ ಒಡೆದು
ಕುತ್ತಿಗೆಯ ಚರ್ಮದಡಿ ಗಾಳಿ ಸೇರಿ
ಬೆರಳಿಟ್ಟರೆ ಮಂಡಕ್ಕಿಯ ಸದ್ದು.
ನಮ್ಮಲ್ಲಿಗೆ ತಂದಾಗ ಬೆಳಗಿನ ಜಾವ ನಾಲ್ಕು.
ಐದಕ್ಕೆ ಹಾಸಿಗೆ ಖಾಲಿ.
ಯಾರು ಮಾಡಿದ್ದೆಂದು ಹುಡುಕಲಿಕ್ಕೆ
ಯಾವ ನಂಬರೂ ಇರಲಿಲ್ಲ. ಯಾರೂ ಉಸಿರೆತ್ತಲಿಲ್ಲ.
ಅಂದಿನಿಂದ ಮಂಡಕ್ಕಿ ಒಗ್ಗರಣೆ ನನಗೆ ಸೇರುವುದಿಲ್ಲ,
ಸ್ಟೇಷನ್ ರೋಡಿನಲ್ಲಿ ಆ ಗಾಡಿ ಕಂಡರೆ
ಈಚೆ ಬದಿಗೆ ದಾಟುತ್ತೇನೆ.

ಕೊನೆಗೆ ಚೌಕದಲ್ಲಿ ಡಾಕ್ಟರೊಬ್ಬರ ಹೆಸರು ಬರೆದೆ.
ಒಳ್ಳೆಯವರು, ನಂಬರಿದೆ,
ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು.
ಬರೆದದ್ದು ಸುಳ್ಳಲ್ಲ. ಆದರೂ
ಆ ಪುಟವನ್ನು ಎಲ್ಲದರ ಕೆಳಗೆ ಇಟ್ಟೆ.

ನೋಟರಿ ಕತ್ತೆತ್ತಿದ: "ಸಾಕ್ಷಿ ಇಬ್ಬರು ಬೇಕು.
ನಿಮ್ಮನ್ನ ಬಲ್ಲವರು."
ಒಬ್ಬಳು ನಮ್ಮ ಓಣಿಯ ಅಂಗನವಾಡಿ ಟೀಚರು.
ಇನ್ನೊಬ್ಬ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ,
ಅಂಗಿಯ ಹೆಗಲಿಗೆ ಸಿಲಿಂಡರಿನ ತುಕ್ಕು.
ಕನ್ನಡಕ ಮರೆತಿದ್ದ.
"ಇದರಾಗ ಏನ್ ಬರದೈತವ್ವ?"
ಮೂರು ಮಂದಿ ಅಮರಮ್ಮರೂ ನಾನೇ ಅಂತ.
"ಹಂಗಾದ್ರ ಖರೇನ ಐತಿ," ಅಂದು
ಬರೆಯತೊಡಗಿದ. ಮೌ, ದೀರ್ಘ ಎಳೆದು;
ಲಾ, ಸ್ವಲ್ಪ ನಿಂತು;
ಸಾ ಬರೆಯುವಾಗ
ಆತ ಉಸಿರು ಹಿಡಿದದ್ದು ಕಂಡಿತು.
ನಾನೂ ಹಿಡಿದೆ.

ನೋಟರಿ ಆ ಸಹಿಯ ಪಕ್ಕ
ಎರಡು ಎಂದು ನಂಬರು ಹಾಕಿ
ಚಿಲ್ಲರೆ ಕೇಳಿದ.